ಸಾಕ್ಷ್ಯ ಸಾಲದೆ ಖುಲಾಸೆ: ‘ಕೇಸೇ ಸುಳ್ಳು’ ಎಂದು ಅರ್ಥವೇ?

ದೊಡ್ಡ ಪ್ರಕರಣವೊಂದರ ಆರೋಪಿಗಳು ಖುಲಾಸೆಯಾದ ದಿನ ವಾಟ್ಸಾಪ್ ಗ್ರೂಪ್‌ಗಳಲ್ಲಿ ಎರಡು ಬಗೆಯ ಸಂದೇಶಗಳು ಹರಿದಾಡುತ್ತವೆ. ‘ಕೇಸೇ ಸುಳ್ಳು ಅಂತ ಕೋರ್ಟ್ ಹೇಳಿತು’ ಎಂಬುದು ಒಂದು. ‘ತಪ್ಪು ಮಾಡಿಯೂ ದುಡ್ಡು ಚೆಲ್ಲಿ ಪಾರಾದರು’ ಎಂಬುದು ಇನ್ನೊಂದು. ಸಾಕ್ಷ್ಯದ ಕೊರತೆಯಿಂದ ಆದ ಖುಲಾಸೆಗೆ ಈ ಎರಡೂ ಅರ್ಥಗಳಿಲ್ಲ.

ಕೋರ್ಟ್ ನೋಡುವುದೇನು?

ಕ್ರಿಮಿನಲ್ ವಿಚಾರಣೆಯಲ್ಲಿ ಮುಖ್ಯ ಪ್ರಶ್ನೆ ಒಂದೇ: ಈ ವ್ಯಕ್ತಿಯೇ ಈ ಅಪರಾಧ ಮಾಡಿದ್ದಾರೆ ಎಂಬುದನ್ನು ಪ್ರಾಸಿಕ್ಯೂಷನ್ ಸಂಶಯಾತೀತವಾಗಿ ಸಾಬೀತು ಮಾಡಿದೆಯೇ? ಇಲ್ಲವೆಂದಾದರೆ ಆರೋಪಿ ಖುಲಾಸೆ. ‘ನಾನು ನಿರಪರಾಧಿ’ ಎಂದು ಸಾಬೀತುಪಡಿಸುವ ಹೊಣೆ ಸಾಮಾನ್ಯವಾಗಿ ಆರೋಪಿಯ ಮೇಲಿರುವುದಿಲ್ಲ.

ಸಾಕ್ಷ್ಯ ಸೋಲುವುದೆಲ್ಲಿ?

ಸಾಕ್ಷಿಗಳು ಕೋರ್ಟಿನಲ್ಲಿ ತಿರುಗಿಬೀಳಬಹುದು. ‘ಆರೋಪಿ ತಪ್ಪೊಪ್ಪಿಕೊಂಡ’ ಎಂದು ಟಿವಿಯಲ್ಲಿ ನೋಡಿರುತ್ತೇವೆ. ಆದರೆ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಕಣ್ಣಾರೆ ಕಂಡವರಿಲ್ಲದ ಪ್ರಕರಣದಲ್ಲಿ ಸಾಂದರ್ಭಿಕ ಸಾಕ್ಷ್ಯಗಳು ಕೊಂಡಿ ತಪ್ಪದ ಸರಪಳಿಯಂತಿರಬೇಕು ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ಶರದ್ ಸಾರ್ಡಾ ಪ್ರಕರಣದಲ್ಲಿ ಹೇಳಿದೆ. ಸಂಶಯ ಎಷ್ಟೇ ಬಲವಾಗಿದ್ದರೂ ಅದು ಸಾಕ್ಷ್ಯವಾಗದು.

2ಜಿ ಪ್ರಕರಣವನ್ನೇ ನೋಡಿ

2012ರ ಫೆಬ್ರವರಿ 2ರಂದು ಸುಪ್ರೀಂ ಕೋರ್ಟ್ ತರಂಗಾಂತರ ಹಂಚಿಕೆಯ ರೀತಿಯೇ ಸರಿಯಿಲ್ಲವೆಂದು 122 ಲೈಸೆನ್ಸ್‌ಗಳನ್ನು ರದ್ದುಪಡಿಸಿತು. 2017ರ ಡಿಸೆಂಬರ್ 21ರಂದು ದೆಹಲಿಯ ಸಿಬಿಐ ವಿಶೇಷ ನ್ಯಾಯಾಲಯ ಎ. ರಾಜಾ, ಕನಿಮೋಳಿ ಸೇರಿದಂತೆ ಎಲ್ಲ ಆರೋಪಿಗಳನ್ನು ಖುಲಾಸೆ ಮಾಡಿತು. ಇವು ಒಂದಕ್ಕೊಂದು ವಿರುದ್ಧವೆಂದು ತೋರಬಹುದು. ಆದರೆ ಎರಡೂ ಕೋರ್ಟ್‌ಗಳ ಮುಂದಿದ್ದ ಪ್ರಶ್ನೆಗಳೇ ಬೇರೆ. ಹಂಚಿಕೆ ಸಂವಿಧಾನಕ್ಕೆ ತಕ್ಕಂತೆ ನಡೆಯಿತೇ ಎಂಬುದು ಮೊದಲನೆಯದು. ಇಂಥ ವ್ಯಕ್ತಿ ಇಂಥ ಅಪರಾಧ ಮಾಡಿದ್ದಕ್ಕೆ ಪುರಾವೆ ಇದೆಯೇ ಎಂಬುದು ಎರಡನೆಯದು. ಪ್ರಾಸಿಕ್ಯೂಷನ್ ಆರೋಪಗಳನ್ನು ಸಾಬೀತುಪಡಿಸಲು ವಿಫಲವಾಗಿದೆ ಎಂದು ವಿಶೇಷ ನ್ಯಾಯಾಲಯ ಹೇಳಿತು.

ಅಲ್ಲಿಗೇ ಮುಗಿಯಿತೇ?

ಇಲ್ಲ. ಖುಲಾಸೆ ಪ್ರಶ್ನಿಸಿ ಸರ್ಕಾರ ಮೇಲ್ಮನವಿ ಸಲ್ಲಿಸಬಹುದು. ಸಂತ್ರಸ್ತರಿಗೂ ಆ ಹಕ್ಕಿದೆ. 2ಜಿ ಪ್ರಕರಣದಲ್ಲಿ ಸಿಬಿಐ ಮೇಲ್ಮನವಿಯನ್ನು ದೆಹಲಿ ಹೈಕೋರ್ಟ್ 2024ರ ಮಾರ್ಚ್‌ನಲ್ಲಿ ವಿಚಾರಣೆಗೆ ಅಂಗೀಕರಿಸಿತು. ಆದರೆ ಮೇಲಿನ ಕೋರ್ಟ್ ತೀರ್ಪು ಬದಲಿಸುವವರೆಗೆ ಖುಲಾಸೆಯಾದವರು ಕಾನೂನಿನ ಕಣ್ಣಲ್ಲಿ ನಿರಪರಾಧಿಗಳೇ. ಅವರನ್ನು ‘ಕೊಲೆಗಾರ’, ‘ಕಳ್ಳ’ ಎಂದು ಕರೆಯುವ ಸಂದೇಶ ಹಂಚಿದರೆ ಮಾನನಷ್ಟ ಮೊಕದ್ದಮೆ ಎದುರಿಸಬೇಕಾಗಬಹುದು. ಹಾಗೆಯೇ ‘ದೂರು ಕೊಟ್ಟವರೇ ಸುಳ್ಳುಗಾರರು’ ಎಂದು ಬರೆಯುವುದೂ ಅನ್ಯಾಯ. ತನಿಖೆ ಸೋತ ಮಾತ್ರಕ್ಕೆ ಅವರ ನೋವು ಸುಳ್ಳಾಗುವುದಿಲ್ಲ.

ಮುಂದಿನ ಸಲ ಇಂಥ ಸಂದೇಶ ಬಂದಾಗ ಒಂದು ಸಾಲು ಹುಡುಕಿ: ಕೋರ್ಟ್ ‘ಆರೋಪ ಸುಳ್ಳು’ ಎಂದಿತೇ, ‘ಸಾಬೀತಾಗಿಲ್ಲ’ ಎಂದಿತೇ? ಅದು ಗೊತ್ತಾಗುವವರೆಗೆ ಫಾರ್ವರ್ಡ್ ಮಾಡಬೇಡಿ.