ಶುಭ ಶುಕ್ರವಾರದ ಮೂರನೆಯ ದಿನ

ನಮ್ಮ ಕಾಸರಗೋಡಿನ ಕನ್ನಡ ಮಕ್ಕಳಿಗೆ ಒಂದೇ ದಿನಕ್ಕೆ ಎರಡು ಹೆಸರುಗಳು. ಕನ್ನಡದ ಕ್ಯಾಲೆಂಡರಿನಲ್ಲಿ ‘ಶುಭ ಶುಕ್ರವಾರ’ವೆಂದಿರುವುದು ಮಲಯಾಳದ ಕ್ಯಾಲೆಂಡರಿನಲ್ಲಿ ‘ದುಃಖವೆಳ್ಳಿ’. ಈಸ್ಟರ್ ಮಾರ್ಚ್ ತಿಂಗಳಲ್ಲೇ ಬಂದಿದ್ದ ಒಂದು ವರ್ಷ ಏಳನೆಯ ತರಗತಿಯ ಹುಡುಗನೊಬ್ಬನು ಎದ್ದು ನಿಂತು, “ಸಾರ್, ಆ ದಿನ ಶುಭವೋ ದುಃಖವೋ?” ಎಂದು ಕೇಳಿದನು.

ಯೇಸುವನ್ನು ಶಿಲುಬೆಗೇರಿಸಿದ್ದರಿಂದ ದುಃಖ, ಆ ಮರಣದಿಂದ ಲೋಕಕ್ಕೆ ಒಳಿತಾಯಿತೆಂಬ ನಂಬಿಕೆಯಿಂದ ಶುಭ ಎಂದೆನು. ಭಾನುವಾರದ ಈಸ್ಟರಿನ ತಾತ್ಪರ್ಯ ‘ಸತ್ಯಕ್ಕೇ ಜಯ’ ಎಂದು ಪಾಠ ಮುಗಿಸಿದೆನು. ಯಾವ ಹಬ್ಬಕ್ಕೂ ಹೊಂದುವ ಇಂಥ ವಾಕ್ಯವೊಂದು ಉಪಾಧ್ಯಾಯನ ಕಿಸೆಯಲ್ಲಿ ಸದಾ ಇರುತ್ತದೆ.

ಮಧ್ಯಾಹ್ನ ನಮ್ಮ ಶಾಲೆಯ ಕ್ರೈಸ್ತ ಅಧ್ಯಾಪಿಕೆಯೊಬ್ಬರು ಮೆಲ್ಲನೆ, “ಮಾಷ್ಟ್ರೇ, ಸತ್ಯಕ್ಕಾಗಿ ಸತ್ತವರು ಬಹಳ ಮಂದಿ ಇದ್ದಾರೆ. ಸತ್ತವನು ಎದ್ದು ಬಂದನೆಂಬುದೇ ನಮ್ಮ ಭಾನುವಾರ” ಎಂದರು. ನನಗೆ ನಾಚಿಕೆಯಾಯಿತು. ಅಂದು ರಾತ್ರಿ ಕನ್ನಡ ಬೈಬಲನ್ನು ತೆರೆದು ಕುಳಿತೆನು.

ರೋಮನ್ ಅಧಿಪತಿ ಪಿಲಾತನ ಆಜ್ಞೆಯಿಂದ ಕೊಲ್ಲಲ್ಪಟ್ಟವನ ಸಮಾಧಿಗೆ ಭಾನುವಾರ ನಸುಕಿನಲ್ಲಿ ಸುಗಂಧದ್ರವ್ಯ ಹಿಡಿದು ಹೊರಟವರು ಕೆಲವು ಹೆಂಗಸರು. ಬಾಗಿಲಿನ ಕಲ್ಲು ಸರಿದಿತ್ತು, ಒಳಗೆ ದೇಹವಿರಲಿಲ್ಲ. ಅವರು ಬಂದು ಹೇಳಿದಾಗ ಶಿಷ್ಯರೇ ಅದನ್ನು ಹುರುಳಿಲ್ಲದ ಮಾತೆಂದು ತಳ್ಳಿಹಾಕಿದರೆಂದು ಲೂಕನು ಬರೆಯುತ್ತಾನೆ. ಹೆಂಗಸರ ಸಾಕ್ಷ್ಯಕ್ಕೆ ಬೆಲೆ ಕಡಿಮೆಯಿದ್ದ ಕಾಲವದು. ಕಟ್ಟುಕತೆಯಾಗಿದ್ದರೆ ಇಂಥ ಸಾಕ್ಷಿಗಳನ್ನು ಆರಿಸುತ್ತಿದ್ದರೇ ಎಂದು ಕ್ರೈಸ್ತರು ಕೇಳುವುದುಂಟು. ಕ್ರಿಸ್ತನು ಏಳದಿದ್ದರೆ ನಮ್ಮ ನಂಬಿಕೆಯೇ ಬರಿದು ಎಂಬರ್ಥದ ಮಾತನ್ನು ಪೌಲನು ಕೊರಿಂಥದವರಿಗೆ ಬರೆದನು. ಅಂದರೆ ಇದು ನೀತಿಕಥೆಯಲ್ಲ. ನಡೆದುಹೋದ ಘಟನೆಯೆಂದು ಅವರು ಸಾರುವ ಸುದ್ದಿ. ಒಪ್ಪುವುದೂ ಬಿಡುವುದೂ ಕೇಳಿದವನಿಗೆ ಸೇರಿದ್ದು.

ಈಸ್ಟರಿನ ದಿನವನ್ನು ಹುಣ್ಣಿಮೆ ನೋಡಿ ಗೊತ್ತುಮಾಡುತ್ತಾರೆಂಬುದು ಪಂಚಾಂಗ ಬಲ್ಲ ನಮಗೆ ಹಿಡಿಸುವ ಸಂಗತಿ. ಮಾರ್ಚ್ 21ರ ವಿಷುವದ ಲೆಕ್ಕದಿಂದ ಬರುವ ಹುಣ್ಣಿಮೆಯ ನಂತರದ ಭಾನುವಾರವದು. 1956ರಲ್ಲಿ ನಾವು ಕೇರಳಕ್ಕೆ ಸೇರಿದರೂ ಬೇಳ, ಮಂಜೇಶ್ವರ, ಕಯ್ಯಾರುಗಳ ಇಗರ್ಜಿಗಳು ಇಂದಿಗೂ ಮಂಗಳೂರು ಧರ್ಮಪ್ರಾಂತ್ಯದವು. ಈಸ್ಟರಿನ ಹಿಂದಿನ ರಾತ್ರಿ ದೀಪಗಳನ್ನೆಲ್ಲ ಆರಿಸಿ, ಹೊಸ ಬೆಂಕಿಯಿಂದ ದೊಡ್ಡದೊಂದು ಮೇಣದ ಬತ್ತಿಯನ್ನು ಹೊತ್ತಿಸಿ, ಅದರಿಂದ ಕೈಯಿಂದ ಕೈಗೆ ಬೆಳಕನ್ನು ದಾಟಿಸುತ್ತಾರೆ.

ನಮ್ಮ ಸಂವಿಧಾನದ ಪ್ರಸ್ತಾವನೆಗೆ ಜಾತ್ಯತೀತವೆಂಬ ಪದ 1976ರಲ್ಲಿ ಸೇರಿತು. ಸರ್ಕಾರ ಶುಕ್ರವಾರಕ್ಕೆ ರಜೆ ಕೊಡುತ್ತದೆ. ಭಾನುವಾರ ಹೇಗೂ ರಜೆಯಾದುದರಿಂದ ಶಾಲೆಯ ಹಾಜರಿ ಪುಸ್ತಕದಲ್ಲಿ ಈಸ್ಟರಿನ ಗುರುತೇ ಉಳಿಯದು. ಧರ್ಮವನ್ನೂ ಸರ್ಕಾರವನ್ನೂ 1905ರಲ್ಲಿ ಬೇರ್ಪಡಿಸಿದ ಫ್ರಾನ್ಸಿನಲ್ಲಿ ಅಲ್ಸಾಸ್-ಮೊಸೆಲ್ ಪ್ರದೇಶವನ್ನುಳಿದು ಶುಕ್ರವಾರಕ್ಕೆ ರಜೆಯಿಲ್ಲ, ಈಸ್ಟರಿನ ಮರುದಿನ ಸೋಮವಾರಕ್ಕುಂಟು. ರಜೆಯನ್ನು ಸರ್ಕಾರ ಕೊಟ್ಟೀತು, ಬಣ್ಣದ ಮೊಟ್ಟೆಯನ್ನು ಬೇಕರಿ ಮಾರೀತು. ಅರ್ಥವನ್ನು ಹೇಳುವ ಹೊಣೆ ಇಬ್ಬರದೂ ಅಲ್ಲ. ಅಷ್ಟು ಮಾತ್ರ ನನಗೆ ತೊಂದರೆಯೆನಿಸಲಿಲ್ಲ. ಎಲ್ಲ ಧರ್ಮಗಳೂ ಹೇಳುವುದು ಒಂದನ್ನೇ ಎಂದು ನೆರೆಯವರ ನಂಬಿಕೆಗೆ ನೀರು ಬೆರೆಸಿ ಮಕ್ಕಳಿಗೆ ಕುಡಿಸಿ, ಅದನ್ನೇ ಗೌರವವೆಂದು ತಿಳಿದಿದ್ದೆನಲ್ಲ, ಅದು ಚುಚ್ಚಿತು.

ಮುಂದಿನ ವಾರ ಆ ಅಧ್ಯಾಪಿಕೆಯನ್ನೇ ತರಗತಿಗೆ ಕರೆದು, ನಾನು ಹಿಂದಿನ ಬೆಂಚಿನಲ್ಲಿ ಕುಳಿತೆನು. ಕಥೆ ಮುಗಿಯುವ ಮೊದಲೇ ಹುಡುಗಿಯೊಬ್ಬಳು, “ಅಷ್ಟು ದೊಡ್ಡ ಕಲ್ಲನ್ನು ಸರಿಸಿದ್ದು ಯಾರು ಟೀಚರ್?” ಎಂದಳು. ಅಂದು ಗಣಿತದ ಪಾಠ ಹತ್ತು ನಿಮಿಷ ತಡವಾಯಿತು.