ಕೊರೆದ ಗಾಜಿಗೆ ಬಣ್ಣ ಕೂರುವ ಬಗೆ

ಗಾಜು ಕೊರೆಯುವ ಕಾರ್ಯಾಗಾರದ ಶಟರ್ ದಾಟಿ ಒಳಗೆ ಕಾಲಿಟ್ಟರೆ ಮೊದಲು ಕಾಣುವುದು ಮರದ ಸ್ಟ್ಯಾಂಡಿಗೆ ಒರಗಿಸಿಟ್ಟ ಗಾಜಿನ ಹಲಗೆಗಳು. ಎದುರಿನಿಂದ ನೋಡಿದರೆ ಬಣ್ಣವೇ ಇಲ್ಲ, ಅಂಚಿನಲ್ಲಿ ಮಾತ್ರ ಕಡುಹಸಿರು. ಗಾಜಿನೊಳಗಿನ ಕಬ್ಬಿಣದ ಅಂಶ ಅದಕ್ಕೆ ಕಾರಣ. ಇಂಥ ಗಾಜಿನ ಹಿಂದೆ ಬಿಳಿ ಬಳಿದರೆ ಎದುರಿಗೆ ತುಸು ಹಸಿರಾಗಿಯೇ ಕಾಣುತ್ತದೆ. ಅಚ್ಚ ಬಿಳಿ ಬೇಕೆನ್ನುವವರು ಹೆಚ್ಚು ದುಡ್ಡು ಕೊಟ್ಟು ಕಬ್ಬಿಣ ಕಡಿಮೆಯಿರುವ ಗಾಜು ಕೊಳ್ಳಬೇಕು.

ಮುಂದಿನ ಮೇಜಿನ ಮೇಲೆ ದೇವರಕೋಣೆಯ ಬಾಗಿಲಿಗೆ ಹೋಗುವ ಗಾಜು ಮಲಗಿತ್ತು. ನಡುವೆ ಕಮಲ, ಎರಡೂ ಬದಿಗೆ ದೀಪದ ಕಂಬ. ಮೈತುಂಬ ಸ್ಟಿಕರ್, ಗೆರೆಗಳನ್ನು ಯಂತ್ರ ಆಗಲೇ ಕತ್ತರಿಸಿದೆ. ಕೆಲಸದವರು ಬ್ಲೇಡಿನ ತುದಿಯಿಂದ ಒಂದು ದಳವನ್ನಷ್ಟೇ ಎಬ್ಬಿಸಿದರು. ಕೊರೆಯುವುದು ಗಾಜಿನ ಹಿಂಬದಿಯಲ್ಲಾದ್ದರಿಂದ ಮುಂದಿನ ದಳ ಮೊದಲು, ಆಳವಾಗಿ. ಹಿಂದಿನ ದಳ ಆಮೇಲೆ, ತೆಳುವಾಗಿ. ಎದುರಿನಿಂದ ನೋಡುವವರಿಗೆ ಹೂವು ಉಬ್ಬಿದಂತೆ ತೋರುವುದು ಇದರಿಂದಲೇ.

ಸ್ಟಿಕರ್ ಎಬ್ಬಿಸಿದ ಜಾಗವನ್ನು ಪುಡಿ ಊದಿ ಕೊರೆಯುವ ಬ್ಲಾಸ್ಟಿಂಗ್ ನಡೆಯುವುದು ಮುಚ್ಚಿದ ಕೋಣೆಯಲ್ಲಿ. ಕಂಪ್ರೆಸರಿನ ಸದ್ದಿನಲ್ಲಿ ಮಾತು ಕೇಳಿಸದು. ಇಲ್ಲಿ ಊದುವುದು ಮರಳಲ್ಲ, ಅಲ್ಯುಮಿನಿಯಂ ಆಕ್ಸೈಡಿನ ಪುಡಿ. ಮರಳಿನ ದೂಳು ಶ್ವಾಸಕೋಶಕ್ಕೆ ಸಿಲಿಕೋಸಿಸ್ ತರುತ್ತದೆ. ಒಳಗಿದ್ದವರು ತಲೆಯಿಂದ ಹೆಗಲವರೆಗೆ ಮುಸುಕು ತೊಟ್ಟಿದ್ದು ನೋಡಿ ಸಮಾಧಾನವಾಯಿತು.

ಬಣ್ಣದ ಕೋಣೆಯಲ್ಲೇ ನಾನು ಬಹಳ ಹೊತ್ತು ನಿಂತೆ. ಕೊರೆದ ಜಾಗದತ್ತ ಕೈ ಚಾಚುತ್ತಲೇ, “ಮುಟ್ಟಬೇಡಿ ಸಾರ್, ಬೆರಳಿನ ಎಣ್ಣೆ ಹಿಡಿದ್ರೆ ಬಣ್ಣ ಕೂರಲ್ಲ” ಎಂದರು ಬಣ್ಣ ಹಾಕುವವರು. ಆಮೇಲೆ ಬೇರೊಂದು ತುಂಡಿನ ಮೇಲೆ ಒಂದು ಹನಿ ನೀರು ಬಿಟ್ಟರು. ಹನಿ ಹರಡಿದಷ್ಟೂ ಜಾಗದಲ್ಲಿ ಬಿಳುಪು ಮಾಯ! ಕೊರೆದ ಗಾಜು ಬೆಳ್ಳಗಿರುವುದು ಅದರ ಸಣ್ಣ ಸಣ್ಣ ಕುಳಿಗಳು ಬೆಳಕನ್ನು ಚದುರಿಸುವುದರಿಂದ. ನೀರು ಕುಳಿ ತುಂಬಿತೆಂದರೆ ಬೆಳಕು ನೇರವಾಗಿ ದಾಟುತ್ತದೆ. ಪಾರದರ್ಶಕ ಬಣ್ಣವನ್ನು ದಪ್ಪಗೆ ಬಳಿದರೂ ಹೀಗೇ, ಕಷ್ಟಪಟ್ಟು ತಂದ ಮಂಜು ಕರಗಿಹೋಗುತ್ತದೆ. ಅದಕ್ಕೇ ಸ್ಪ್ರೇ ಗನ್ ದೂರ ಹಿಡಿದು, ಬಣ್ಣ ಅರ್ಧ ಒಣಗಿಯೇ ಬಂದು ಕೂರುವಂತೆ ತೆಳ್ಳಗೆ ಹಾಯಿಸುತ್ತಾರೆ. ದಳದ ತುದಿಯಲ್ಲಿ ಗುಲಾಬಿ, ಬುಡಕ್ಕೆ ಬರುವಷ್ಟರಲ್ಲಿ ಬರಿಯ ಬಿಳಿ. ಆ ಕೈಹದ ಎಷ್ಟು ನೋಡಿದರೂ ಸಾಲದು.

ಇಲ್ಲಿ ಬಣ್ಣ ಹಾಕುತ್ತಿದ್ದದ್ದು ಟಫನ್ ಆಗಿ, ಅಂದರೆ ಕುಲುಮೆಯಲ್ಲಿ ಕಾಯ್ದು ಗಟ್ಟಿಯಾಗಿ ಬಂದ ಗಾಜಿಗೆ. ಟಫನಿಂಗ್ ಕುಲುಮೆಯ ಶಾಖ 600 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಆಳದ ಕೊರೆತವನ್ನು ಅದಕ್ಕೆ ಮೊದಲೇ ಮುಗಿಸಬೇಕು, ಈ ಬಗೆಯ ಬಣ್ಣವನ್ನು ಆಮೇಲೆಯೇ ಹಾಕಬೇಕು. ಸೆರಾಮಿಕ್ ಬಣ್ಣವಾದರೆ ಗಾಜಿನ ಜೊತೆಗೇ ಕುಲುಮೆಗೆ ಹೋಗಿ ಬೆಸೆದುಕೊಳ್ಳುತ್ತದೆ.

ಕೊನೆಯಲ್ಲಿ ಸಿದ್ಧವಾದ ಎರಡು ಬಾಗಿಲು. ಒಂದರಲ್ಲಿ ಎಲೆ, ಬಳ್ಳಿ, ಕಂಬಗಳಿಗೆಲ್ಲ ಗಟ್ಟಿ ಬಣ್ಣ. ಇನ್ನೊಂದರಲ್ಲಿ ದಳದ ತುದಿ ಮತ್ತು ದೀಪದ ಕುಡಿಗೆ ಮಾತ್ರ. ಹಿಂದೆ ಬಲ್ಬ್ ಹಿಡಿದಾಗ ಮೊದಲನೆಯದು ಕಪ್ಪಿಟ್ಟಿತು, ಎರಡನೆಯದರ ಕುಡಿ ಹೊತ್ತಿಕೊಂಡಿತು. ನಮ್ಮ ಮನೆಗಾದರೆ ಎರಡನೆಯದನ್ನೇ ಮಾಡಿಸುತ್ತೇನೆ. ಆದರೆ ಒಳಗೆ ದೀಪವಿಲ್ಲದೆ, ಬೆಳಕೆಲ್ಲ ಹಜಾರದ ಕಡೆಯಿಂದಲೇ ಬೀಳುವ ಮನೆಯಲ್ಲಿ ಗಟ್ಟಿ ಬಣ್ಣವೇ ಚೆನ್ನಾಗಿ ಎದ್ದು ಕಂಡೀತೋ ಏನೋ.