ಅಜ್ಜನ ಪೆಟ್ಟಿಗೆ, ನನ್ನ ಟ್ಯೂನರ್

ಕಳೆದ ಶ್ರಾವಣದ ಎರಡನೇ ಸೋಮವಾರ ಹರಿಹರದ ಅಜ್ಜನ ಮನೆಯಲ್ಲಿ ಭಜನೆ ಇತ್ತು. ಪ್ರತಿ ವರ್ಷ ಅಜ್ಜನದು ಹಾರ್ಮೋನಿಯಂ, ಪಕ್ಕದ ಮನೆ ಕಾಕಾ ಅವರದು ತಬಲಾ, ಉಳಿದವರ ಕೈಗೆ ತಾಳ. ಈ ಸಲ ದಾವಣಗೆರೆಯಿಂದ ನಾನು ಗಿಟಾರ್ ಹೊತ್ತುಕೊಂಡು ಹೋಗಿದ್ದೆ. ಕಲಿಯೋಕೆ ಶುರು ಮಾಡಿ ಎರಡು ವರ್ಷ ಆಗಿತ್ತು. ಅಜ್ಜನ ಜೊತೆ ಒಂದು ಸಲವಾದರೂ ನುಡಿಸಬೇಕು ಅನ್ನೋ ಆಸೆ.

ಟ್ಯೂನರ್ ಹಚ್ಚಿ ಆರೂ ತಂತಿ ಸರಿ ಮಾಡಿಕೊಂಡೆ. ಆರಕ್ಕೂ ಹಸಿರು ದೀಪ ಬಂತು. ಮೊದಲನೇ ಪದ ಶುರುವಾದ ಕೂಡಲೇ ಅಜ್ಜ ನನ್ನ ಕಡೆ ನೋಡಿದ. "ಕೂಡ್ತಿಲ್ಲಲ್ಲೋ ತಮ್ಮಾ, ಅಲೆ ಬರ್ತಿದೆ" ಅಂದ. ನಾನು ಟ್ಯೂನರ್ ತೋರಿಸಿ, "ನಂದು ಸರಿ ಇದೆ ಅಜ್ಜ, ಹಸಿರು ಇದೆ ನೋಡು" ಅಂದೆ. ಅಷ್ಟು ಜನರ ಮುಂದೆ ಹಾಗೆ ಅನ್ನಬಾರದಿತ್ತು. ಮಾವ ನಗುತ್ತಾ, "ಅಪ್ಪನ ಪೆಟ್ಟಿಗೆ ಹಳೇದಾಯ್ತು, ಕಿವಿನೂ ಹಳೇದಾಯ್ತು. ಮಾರಿ ಒಂದು ಕೀಬೋರ್ಡ್ ತಗೊಳ್ಳೋಣ" ಅಂದರು. ನಾನು ಗಿಟಾರ್ ಪಕ್ಕಕ್ಕಿಟ್ಟೆ. ಭಜನೆ ಹೇಗೋ ಮುಗೀತು. ಅಜ್ಜ ಪೆಟ್ಟಿಗೆ ಮುಚ್ಚಿ ಮೇಲೆ ಟವೆಲ್ ಹೊದಿಸಿದವನು ಮುಂದಿನ ಸೋಮವಾರ ತೆಗೆಯಲೇ ಇಲ್ಲ. ಕೇಳಿದರೆ, "ನನ್ನ ಕಿವಿ ಹೋಯ್ತಂತಲ್ಲಪ್ಪ" ಅಂದನಂತೆ. ಅಮ್ಮ ಫೋನಿನಲ್ಲಿ ಇದನ್ನು ಹೇಳಿದಾಗ ನನಗೆ ಅನ್ನ ಸೇರಲಿಲ್ಲ.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದರೆ, ಮಕ್ಕಳಿಗೆ ಗಿಟಾರ್ ಕೊಡಿಸುವ ಅಪ್ಪ ಅಮ್ಮಂದಿರು, ನನ್ನ ಹಾಗೆ ಮೂವತ್ತರ ಹತ್ತಿರ ಕಲಿಯೋಕೆ ಹೊರಟವರು "ಯಾವ ಟ್ಯೂನರ್ ತಗೊಳ್ಳಲಿ?" ಅಂತ ಕೇಳ್ತಾರೆ. ನಾನು ಮೊದಲು ಕೊಂಡಿದ್ದು ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗ ಇದ್ದದ್ದು. ಅದು ಕೆಟ್ಟ ಯಂತ್ರ ಏನಲ್ಲ. ಆದರೆ ಅದು ಏನನ್ನು ಅಳೆಯುತ್ತೆ ಅಂತಲೇ ನಾನು ತಿಳಿದುಕೊಂಡಿರಲಿಲ್ಲ.

ಟ್ಯೂನರ್ ಮಾಡುವ ಕೆಲಸ ಸರಳ. ತಂತಿ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತೆ ಅಂತ ಲೆಕ್ಕ ಹಾಕುತ್ತೆ. ಗಿಟಾರಿನ ದಪ್ಪ ತಂತಿಯಿಂದ ಶುರು ಮಾಡಿದರೆ ಇ 82.4, ಎ 110, ಡಿ 146.8, ಜಿ 196, ಬಿ 246.9, ಕೊನೆಯ ಸಣ್ಣ ಇ 329.6 ಹರ್ಟ್ಜ್. ಇವೆಲ್ಲ ಒಂದೇ ಒಂದು ಸಂಖ್ಯೆಯ ಮೇಲೆ ನಿಂತಿವೆ: ನಡು ಸಪ್ತಕದ ಎ ಸ್ವರ 440 ಹರ್ಟ್ಜ್ ಅನ್ನೋದು. ಇದು ದೇವರು ಕೊಟ್ಟಿದ್ದಲ್ಲ, ಮನುಷ್ಯರು ಕೂತು ಒಪ್ಪಿಕೊಂಡಿದ್ದು. 1859ರಲ್ಲಿ ಫ್ರಾನ್ಸ್ ಸರ್ಕಾರ ಇದೇ ಸ್ವರವನ್ನು 435 ಅಂತ ಗೊತ್ತು ಮಾಡಿತ್ತು. ಇಪ್ಪತ್ತನೇ ಶತಮಾನದಲ್ಲಿ 440 ಅಂತರರಾಷ್ಟ್ರೀಯ ಅಳತೆ ಆಯಿತು.

ನಮ್ಮ ಸಂಗೀತದಲ್ಲಿ ಈ ಹಟ ಇಲ್ಲ. ಹಾಡುವವರ ಕಂಠ ಎಲ್ಲಿ ನಿಲ್ಲುತ್ತೋ ಅಲ್ಲೇ ಷಡ್ಜ. ಬೆಂಗಳೂರಿನಲ್ಲಿ ಎಂಜಿನಿಯರ್ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ರಾಡೆಲ್ ಸಂಸ್ಥೆ ಕಟ್ಟಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರಲ್ಲ, ಅಂಥ ಪೆಟ್ಟಿಗೆಗಳ ಮೇಲೆ ಶ್ರುತಿ ತಿರುಗಿಸೋ ಗುಂಡಿ ಇದ್ದೇ ಇರುತ್ತೆ. ಹಾಡುಗಾರರು ಹೇಳಿದ ಕಡೆ ಅದು ಬರಬೇಕು. ಗಿಟಾರ್ ಟ್ಯೂನರ್ ಹಾಗಲ್ಲ. ನಾವು ಬೇರೆ ಹೇಳದೇ ಇದ್ದರೆ ಅದು 440 ಬಿಟ್ಟು ಅಲ್ಲಾಡೋದಿಲ್ಲ.

ಎರಡು ವಾರ ಬಿಟ್ಟು ಒಂದು ಭಾನುವಾರ ಹರಿಹರಕ್ಕೆ ಹೋದೆ. ಹದಿನಾಲ್ಕು ಕಿಲೋಮೀಟರ್ ದಾರಿ. ಹೋಗುವಾಗ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಹೋದೆ, ಸಿಟ್ಟಿದ್ದರೆ ಇಳೀಲಿ ಅಂತ. ಅಜ್ಜನಿಗೆ ಸಿಟ್ಟಿರಲಿಲ್ಲ. ಬೇಜಾರಿತ್ತು. ಟ್ಯೂನರ್ ಕೈಗೆ ತಗೊಂಡು ತಿರುಗಿಸಿ ಮುರುಗಿಸಿ ನೋಡಿದ. ಅಜ್ಜ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡಿದವನು.

"ನಾವು ಮೈಕ್ರೋಮೀಟರ್ ಹಿಡಿಯೋಕೆ ಮುಂಚೆ ಝೀರೋ ನೋಡ್ತಿದ್ವಿ. ಝೀರೋ ತಪ್ಪಿದ್ರೆ ಅಳತೆ ಎಷ್ಟು ಚೆನ್ನಾಗಿದ್ದರೂ ಕೆಲಸ ಕೆಡ್ತದೆ. ಇದರ ಝೀರೋ ಎಲ್ಲಿದೆ?"

ದಿನವಿಡೀ ಕೋಡ್ ಬರೆಯೋ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ.

ಫೋನಿನಲ್ಲಿದ್ದ ಟ್ಯೂನರ್ ಆಪ್ ತೆಗೆದು ಹಾರ್ಮೋನಿಯಂ ಮುಂದಿಟ್ಟೆ. ಅಜ್ಜ ಹಾಡೋದು ಕಪ್ಪು ಒಂದರಲ್ಲಿ. ಅದನ್ನು ಒತ್ತಿ ಹಿಡಿದ. 440ರ ಲೆಕ್ಕದಲ್ಲಿ ಅಲ್ಲಿ 277 ಹರ್ಟ್ಜ್ ಬರಬೇಕು. ಬಂದಿದ್ದು 274. ಮುಂದಿನದು ಒತ್ತಿದ, ಅದೂ ಅಷ್ಟೇ ಪ್ರಮಾಣದಲ್ಲಿ ಕೆಳಗೆ. ಒಂದೊಂದೇ ಬರೆದುಕೊಂಡೆ. ಎಲ್ಲ ಹೆಚ್ಚುಕಮ್ಮಿ 20 ಸೆಂಟ್ಸ್ ಕೆಳಗೆ. ಒಂದು ಸ್ವರಕ್ಕೂ ಪಕ್ಕದ ಸ್ವರಕ್ಕೂ ನಡುವಿನ ಅಂತರವನ್ನು 100 ಭಾಗ ಮಾಡಿದರೆ ಒಂದು ಭಾಗ ಒಂದು ಸೆಂಟ್.

ಅಂದರೆ ಪೆಟ್ಟಿಗೆ ಬೇಸೂರು ಆಗಿರಲಿಲ್ಲ. ತನ್ನೊಳಗೆ ತಾನು ಸರಿಯಾಗೇ ಇತ್ತು. ಅದರ ಝೀರೋ 440 ಅಲ್ಲ, 435, ಅಷ್ಟೇ. ನಾನು 277ರಲ್ಲಿ, ಅಜ್ಜ 274ರಲ್ಲಿ ನುಡಿಸಿದರೆ ಎರಡರ ನಡುವೆ ಸೆಕೆಂಡಿಗೆ ಮೂರು ಸಲ ದನಿ ಏರಿ ಇಳಿಯುತ್ತೆ. ಅಜ್ಜ "ಅಲೆ" ಅಂದಿದ್ದು ಅದನ್ನೇ. ಅಷ್ಟು ಜನರಲ್ಲಿ ಅದನ್ನು ಕೇಳಿಸಿಕೊಂಡಿದ್ದು ಆ ಕಿವಿ ಒಂದೇ!

ಒಂದು ಮನೆ ಮಾತ್ರ ನಿಜವಾಗಿ ಕೆಟ್ಟಿತ್ತು, ಎಡಗಡೆಯ ಒಂದು ಬಿಳಿ. ಅದನ್ನು ತೋರಿಸಿದರೆ ಅಜ್ಜ ನಕ್ಕ. "ಅದನ್ನ ಒತ್ತಿ ನಾಲ್ಕು ವರ್ಷ ಆಯ್ತು. ಗೊತ್ತು ನಂಗೆ." ಹಾರ್ಮೋನಿಯಂ ರಿಪೇರಿಯವರು ಹಿತ್ತಾಳೆ ರೀಡನ್ನು ಸ್ವಲ್ಪ ಕೆರೆದು ಸರಿ ಮಾಡ್ತಾರೆ. ತುದಿಯಲ್ಲಿ ಕೆರೆದರೆ ಶ್ರುತಿ ಏರುತ್ತೆ, ಬುಡದಲ್ಲಿ ಕೆರೆದರೆ ಇಳಿಯುತ್ತೆ. ಒಂದು ರೀಡಿಗಾಗಿ ಇಡೀ ಪೆಟ್ಟಿಗೆ ಮಾರಬೇಕಿಲ್ಲ.

ಹಾರ್ಮೋನಿಯಂ ಕೂತಲ್ಲೇ ಶ್ರುತಿ ಬದಲಿಸೋಕೆ ಆಗಲ್ಲ. ಗಿಟಾರ್ ಎರಡು ನಿಮಿಷದಲ್ಲಿ ಬದಲಾಗುತ್ತೆ. ಹಾಗಾಗಿ ಬಗ್ಗಬೇಕಾದವನು ನಾನೇ. ಆದರೆ ನನ್ನ ಅಗ್ಗದ ಟ್ಯೂನರಿನಲ್ಲಿ 440 ಬದಲಿಸೋ ಗುಂಡಿಯೇ ಇರಲಿಲ್ಲ. ಮಾರನೇ ದಿನ ದಾವಣಗೆರೆಯಲ್ಲಿ ಇನ್ನೊಂದು ಟ್ಯೂನರ್ ಕೊಂಡೆ. ಈ ಸಲ ಕೇಳಿ, ಪರೀಕ್ಷಿಸಿ ಕೊಂಡೆ. ಹಾಗೆ ಕಲಿತಿದ್ದು ಇಷ್ಟು.

ಮೊದಲನೆಯದು, ಯಾವ ಬಗೆ ಅನ್ನೋದು. ಫೋನಿನ ಆಪ್ ಮೈಕಿನಿಂದ ಕೇಳಿಸಿಕೊಳ್ಳುತ್ತೆ. ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡೋರಿಗೆ ಅದೇ ಸಾಕು, ದುಡ್ಡು ಹಾಕಬೇಡಿ. ಆದರೆ ತಬಲಾ, ತಾಳದ ಗದ್ದಲದಲ್ಲಿ ಆಪ್ ತಬ್ಬಿಬ್ಬಾಗುತ್ತೆ. ಅಲ್ಲಿ ಬೇಕಾಗಿದ್ದು ಗಿಟಾರಿನ ತಲೆಗೆ ಕಚ್ಚಿಸುವ ಕ್ಲಿಪ್ ಟ್ಯೂನರ್. ಅದು ಗಾಳಿಯ ಸದ್ದಲ್ಲ, ಮರದ ಕಂಪನವನ್ನೇ ಹಿಡಿಯುತ್ತೆ. ಕೆಲವು ನೂರು ರೂಪಾಯಿಗೇ ಸಿಗುತ್ತೆ. ಕ್ಲಿಪ್ ಜೊತೆ ಮೈಕೂ ಇರೋದು ಸಿಕ್ಕರೆ ಇನ್ನೂ ಒಳ್ಳೇದು, ಹಾರ್ಮೋನಿಯಂ ಶ್ರುತಿಯನ್ನೂ ಅದರಲ್ಲೇ ನೋಡಬಹುದು. ವೇದಿಕೆ ಮೇಲೆ ವೈರ್ ಹಾಕಿ ನುಡಿಸೋರು ಕಾಲಲ್ಲಿ ತುಳಿಯೋ ಪೆಡಲ್ ಟ್ಯೂನರ್ ಇಟ್ಟುಕೊಳ್ತಾರೆ. ಕಲಿಯೋರಿಗೆ ಅದು ಬೇಡ.

ಎರಡನೆಯದು, ಕ್ರೊಮ್ಯಾಟಿಕ್ ಮೋಡ್. ಇದು ಹನ್ನೆರಡೂ ಸ್ವರಗಳನ್ನು ಗುರುತಿಸುತ್ತೆ. ಬರೀ ಗಿಟಾರ್ ಮೋಡ್ ಇದ್ದರೆ ಆರು ತಂತಿಯ ಸ್ವರ ಬಿಟ್ಟು ಬೇರೆ ಗೊತ್ತಿಲ್ಲ. ಅಜ್ಜನ ಕಪ್ಪು ಒಂದಕ್ಕೆ ಸೇರಿಸೋಕೆ ನಾನು ನಾಲ್ಕನೇ ಫ್ರೆಟ್ಟಿಗೆ ಕೇಪೋ ಹಾಕಿ ಎ ಕಾರ್ಡ್ ಹಿಡಿಯಬೇಕು. ಕೇಪೋ ಒತ್ತಿದಾಗ ತಂತಿ ಒಂಚೂರು ಏರುತ್ತೆ, ಮತ್ತೆ ನೋಡಿಕೊಳ್ಳಬೇಕು. ಆಗ ಕ್ರೊಮ್ಯಾಟಿಕ್ ಇಲ್ಲದೆ ನಡೆಯಲ್ಲ. ಒಂದೇ ಎಚ್ಚರಿಕೆ: ಈ ಮೋಡಿನಲ್ಲಿ ತಪ್ಪು ಸ್ವರಕ್ಕೂ ಹಸಿರು ಬರುತ್ತೆ. ಪರದೆ ಮೇಲಿನ ಅಕ್ಷರ ನೋಡದೆ ಬಿಗಿ ಮಾಡ್ತಾ ಹೋದರೆ ತಂತಿ ಕಿತ್ತುಹೋಗುತ್ತೆ. ಹೊಸಬರು ಮೊದಲು ಗಿಟಾರ್ ಮೋಡಿನಲ್ಲೇ ಇರಲಿ.

ಮೂರನೆಯದು, ಝೀರೋ ಬದಲಿಸುವ ಸೌಲಭ್ಯ. ಡಬ್ಬದ ಮೇಲೆ ಕ್ಯಾಲಿಬ್ರೇಷನ್ ಅಂತ ಬರೆದು 430ರಿಂದ 450 ಅಂತ ಇದ್ದರೆ ಸಾಕು. ಆ ಸಂಖ್ಯೆ ಪರದೆಯ ಮೇಲೆ ಕಾಣಬೇಕು. ಗೊತ್ತಿಲ್ಲದೆ ಬೆರಳು ತಾಗಿ 438 ಆಗಿದ್ದರೆ ನಿಮಗೆ ಗೊತ್ತಾಗೋದು ಇನ್ನೊಬ್ಬರ ಜೊತೆ ಕೂತಾಗಲೇ.

ನಾಲ್ಕನೆಯದು, ನಿಖರತೆ. ಒಂದು ಸೆಂಟಿನಷ್ಟು ಹೆಚ್ಚುಕಮ್ಮಿ ಇದ್ದರೆ ಧಾರಾಳ ಸಾಕು. ಸೆಂಟಿನ ಹತ್ತನೇ ಒಂದು ಭಾಗ ತೋರಿಸುವ ಸ್ಟ್ರೋಬ್ ಟ್ಯೂನರ್ ಗಿಟಾರ್ ರಿಪೇರಿ ಮಾಡೋರಿಗೆ ಬೇಕು. ಆ ದುಡ್ಡಲ್ಲಿ ಎರಡು ಸೆಟ್ ಒಳ್ಳೆ ತಂತಿ ತಗೊಳ್ಳಿ. ಬ್ಯಾಟರಿ ಸಿಆರ್ 2032 ಆಗಿದ್ದರೆ ಗಡಿಯಾರದ ಅಂಗಡಿಯಲ್ಲೂ ಸಿಗುತ್ತೆ. ಪುಟ್ಟ ಮಕ್ಕಳಿರೋ ಮನೆಯಲ್ಲಿ ಈ ಬಿಲ್ಲೆ ಬ್ಯಾಟರಿ ಕೈಗೆ ಸಿಗದ ಹಾಗೆ ಇಡಿ, ನುಂಗಿದರೆ ಬಹಳ ಅಪಾಯ.

ಬಳಸೋದರಲ್ಲೂ ಒಂದು ಕ್ರಮ ಇದೆ. ಮೆತ್ತಗೆ ಮೀಟಿ. ಶ್ರುತಿ ಮೀರಿದರೆ ಪೂರ್ತಿ ಕೆಳಗಿಳಿಸಿ, ಮತ್ತೆ ಕೆಳಗಿನಿಂದ ಏರಿಸುತ್ತಾ ಬನ್ನಿ. ಆಗ ಬಿರಡೆ ಸಡಿಲ ಆಗಲ್ಲ. ಕೊನೆಗೆ ಟ್ಯೂನರ್ ಆರಿಸಿ ಕಿವಿಗೊಟ್ಟು ಕೇಳಿ. ತಂಬೂರಿ ಶ್ರುತಿಗೆ ಹಿತವಾಗುವ ಗಾಂಧಾರ ಷಡ್ಜದಿಂದ ಸುಮಾರು 386 ಸೆಂಟ್ಸ್ ದೂರ, ಟ್ಯೂನರ್ ಲೆಕ್ಕದ ಗಾಂಧಾರ 400. ಹಸಿರು ಬಂದರೂ ಬಲ್ಲವರಿಗೆ ಅದು ಒಂಚೂರು ಮೇಲೆ ಅನ್ನಿಸುತ್ತೆ. ಅದು ಅವರ ಕಿವಿಯ ದೋಷ ಅಲ್ಲ.

ಶ್ರಾವಣದ ಕೊನೇ ಸೋಮವಾರ ಟ್ಯೂನರನ್ನು 435ಕ್ಕೆ ಇಟ್ಟು ಅಜ್ಜನ ಪಕ್ಕ ಕೂತೆ. ಅಜ್ಜ ಕಪ್ಪು ಒಂದು ಒತ್ತಿದ, ನಾನು ಎ ಕಾರ್ಡ್ ಎಳೆದೆ. ಅಲೆ ಇರಲಿಲ್ಲ. ಭಜನೆ ಶುರು ಮಾಡೋ ಮುಂಚೆ ನಾನೇ ಎಲ್ಲರಿಗೂ ಹೇಳಿದೆ, ಅವತ್ತು ತಪ್ಪಿದ್ದು ಅಜ್ಜನ ಕಿವಿ ಅಲ್ಲ, ನನ್ನ ಯಂತ್ರದ ಝೀರೋ ಅಂತ. ಮಾವ ಏನೂ ಮಾತಾಡಲಿಲ್ಲ. ತಾವೇ ಎದ್ದು ಹೋಗಿ ಪೆಟ್ಟಿಗೆ ಮೇಲಿನ ಟವೆಲ್ ಮಡಚಿ ಒಳಗಿಟ್ಟು ಬಂದರು.